ಬ್ರೇಕ್ ಪೆಡಲ್ ಕಲ್ಲಾದರೆ ಬೂಸ್ಟರ್ ಬದಲಿಸಬೇಕಾ, ಕಾಲಲ್ಲೇ ನೋಡಬೇಕಾ, ಗೇಜ್ ಹಾಕಬೇಕಾ?

ಶಿರಾಡಿ ಘಾಟಿ ಇಳಿಯುವಾಗ ನನ್ನ ಹಳೇ ಡೀಸೆಲ್ ಮಿನಿ ಲಾರಿಯ ಬ್ರೇಕ್ ಪೆಡಲ್ ಕಲ್ಲಾಯಿತು. ಎರಡನೇ ಗೇರಿಗೆ ಹಾಕಿ, ಮೈಭಾರವೆಲ್ಲ ಕಾಲಿಗೆ ಬಿಟ್ಟು ಒತ್ತುತ್ತಾ ಗುಂಡ್ಯ ಮುಟ್ಟಿದೆ. ಆಮೇಲೆ ಮೂರು ದಾರಿ ನೋಡಿದೆ.

ಮೊದಲು ಬೂಸ್ಟರ್ ಬದಲಿಸಿದೆ. ವ್ಯಾಕ್ಯೂಮ್, ಅಂದರೆ ಗಾಳಿ ಎಳೆದು ಖಾಲಿ ಮಾಡಿದ ಜಾಗದ ಸೆಳೆತದಿಂದ ನಮ್ಮ ಕಾಲಿನ ಬಲವನ್ನು ಹೆಚ್ಚಿಸುವ ಡಬ್ಬಿ ಅದು. ಪೆಡಲ್ ಗಟ್ಟಿಯಾದರೆ ಬೂಸ್ಟರೇ ಹೋಗಿದೆ ಅಂತ ಗ್ಯಾರೇಜಿನಲ್ಲಿ ಹೇಳಿದರು, ನಾನೂ ನಂಬಿದೆ. ದುಡ್ಡು ಹೋಯಿತು, ಮಧ್ಯಾಹ್ನ ಪೆಡಲ್ ಮತ್ತೆ ಕಲ್ಲು.

ಎರಡನೆಯದು ಕಾಲಿನ ಪರೀಕ್ಷೆ. ಖರ್ಚಿಲ್ಲ, ಐದು ನಿಮಿಷ ಸಾಕು. ಎಂಜಿನ್ ಆಫ್ ಮಾಡಿ ಐದಾರು ಸಲ ಪೆಡಲ್ ಒತ್ತಿ ವ್ಯಾಕ್ಯೂಮ್ ಖಾಲಿ ಮಾಡಿ, ಕಾಲು ತೆಗೆಯದೆ ಸ್ಟಾರ್ಟ್ ಮಾಡಿದರೆ ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಒತ್ತಿ ಹಿಡಿದಾಗ ಬುಸ್ ಅನ್ನುವ ಸದ್ದು ನಿಲ್ಲದಿದ್ದರೆ ಬೂಸ್ಟರಿನ ಒಳಗಿನ ಡಯಾಫ್ರಾಮ್ (ರಬ್ಬರ್ ಪರದೆ) ಹರಿದಿರಬಹುದು. ನನ್ನ ಗಾಡಿ ಇದರಲ್ಲಿ ಪಾಸಾಯಿತು! ಯಾಕೆಂದರೆ ನಾನು ನೋಡಿದ್ದು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ. ಬಿಸಿಯಾದ ಮೇಲೆ ನೋಡಿದ್ದರೆ ಆಗಲೇ ಗೊತ್ತಾಗುತ್ತಿತ್ತು.

ಮೂರನೆಯದು ವ್ಯಾಕ್ಯೂಮ್ ಗೇಜ್, ನನಗೆ ಉತ್ತರ ಕೊಟ್ಟಿದ್ದು ಇದೇ. ಡೀಸೆಲ್ ಎಂಜಿನ್ನಿನಲ್ಲಿ ಪೆಟ್ರೋಲ್ ಗಾಡಿಯ ಹಾಗೆ ಎಂಜಿನ್ ಗಾಳಿ ಎಳೆದುಕೊಳ್ಳುವ ಮ್ಯಾನಿಫೋಲ್ಡ್‌ನಿಂದ ವ್ಯಾಕ್ಯೂಮ್ ಸಿಗಲ್ಲ, ಅದಕ್ಕೆ ಬೇರೆ ಪಂಪ್ ಬೇಕು, ನನ್ನ ಗಾಡಿಯಲ್ಲಿ ಅದು ಡೈನಮೋ ಹಿಂದೆ ಇದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಪಂಪಿನ ಬಾಯಿಗೇ ಗೇಜ್ ಹಾಕಿದೆ, ಸೂಜಿ ಬೇಗನೆ 25 ಇಂಚಿಗೆ (ವ್ಯಾಕ್ಯೂಮನ್ನು ಪಾದರಸದ ಇಂಚಿನಲ್ಲಿ ಅಳೆಯುತ್ತಾರೆ) ಏರಿತು. ಅದೇ ಗೇಜನ್ನು ಬೂಸ್ಟರ್ ಕಡೆಯ ಪೈಪಿನ ತುದಿಗೆ ಹಾಕಿದರೆ ತೆವಳುತ್ತಾ 12ಕ್ಕೆ ಬಂದು ನಿಂತಿತು. ಅಂದರೆ ಪಂಪ್ ಸರಿ, ಬೂಸ್ಟರ್ ಸರಿ, ನಡುವಿನ ಹೋಸ್ ಪೈಪೇ ಕೆಟ್ಟಿದೆ ಅಲ್ವಾ? ಕೊಯ್ದು ನೋಡಿದೆ. ಒಳಪದರ ಎದ್ದು ಬಂದಿತ್ತು, ಬಿಸಿಗೆ ಮೆತ್ತಗಾಗಿ ಗಾಳಿ ಎಳೆದಾಗ ಮುಚ್ಚಿಕೊಳ್ಳುತ್ತಿತ್ತು. ಇಳಿಜಾರಿನಲ್ಲಿ ಮೇಲಿಂದ ಮೇಲೆ ಬ್ರೇಕ್ ಹಿಡಿದರೆ ಬೂಸ್ಟರಿಗೆ ವ್ಯಾಕ್ಯೂಮ್ ತುಂಬಲು ಹೊತ್ತೇ ಸಿಗುತ್ತಿರಲಿಲ್ಲ.

ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡುವವರಿಗೆ ಇದನ್ನು ಹೇಳಲೇಬೇಕು: ಆಗ ಪಂಪ್ ತಿರುಗಲ್ಲ, ಉಳಿದ ವ್ಯಾಕ್ಯೂಮ್ ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ನನ್ನನ್ನು ಕೇಳಿದರೆ ಮೊದಲು ಕಾಲು, ಅದೂ ಎಂಜಿನ್ ಬಿಸಿಯಿದ್ದಾಗ. ಆಮೇಲೆ ಗೇಜ್, ಎರಡೂ ತುದಿಯಲ್ಲಿ. ಬೂಸ್ಟರ್ ಕೊನೆಗೆ. ಹೊಸ ಪೈಪ್ ವ್ಯಾಕ್ಯೂಮಿಗೆ ಅಂತಲೇ ಮಾಡಿದ್ದಿರಲಿ, ಸುಮ್ನೆ ಸಿಕ್ಕಿದ ನೀರಿನ ಪೈಪ್ ಹಾಕಬೇಡಿ. ಬೂಸ್ಟರಿನ ಒನ್‌ವೇ ವಾಲ್ವನ್ನೂ ಬಿಚ್ಚಿ ಬಾಯಲ್ಲಿ ಊದಿ ನೋಡಿ, ಗಾಳಿ ಒಂದೇ ಕಡೆಗೆ ಹೋಗಬೇಕು.