ತೆಳು ನೈಟ್ರೈಲ್ ಕೈಗವಸು: ಒಂದು ಸೆಮಿಸ್ಟರ್ ಬಳಸಿದ ಮೇಲೆ

ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರಯೋಗಾಲಯಕ್ಕೆಂದು ತರಿಸಿದ, ನೂರರ ಪೆಟ್ಟಿಗೆಯಲ್ಲಿ ಬರುವ, ಸುಮಾರು 0.1 ಮಿ.ಮೀ. ದಪ್ಪದ ನೀಲಿ ನೈಟ್ರೈಲ್ (ಒಂದು ಬಗೆಯ ಕೃತಕ ರಬ್ಬರ್) ಕೈಗವಸುಗಳನ್ನು ಒಂದು ಇಡೀ ಸೆಮಿಸ್ಟರ್ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಒಮ್ಮೆ ತೊಟ್ಟು ಎಸೆಯುವ ಕೈಗವಸಾಗಿ ಇದು ಒಳ್ಳೆಯ ಸರಕು. ಬೆರಳ ತುದಿಯ ಸ್ಪರ್ಶ ಮಂಕಾಗದಿರುವುದರಿಂದ ಬ್ಯುರೆಟ್ಟಿನಿಂದ ಒಂದೊಂದೇ ಹನಿ ಬಿಡಬಹುದು. ಲೇಟೆಕ್ಸ್ ಅಲರ್ಜಿ ಇರುವ ವಿದ್ಯಾರ್ಥಿಗಳೂ ಧರಿಸಬಹುದು. ಆದರೆ ಪೆಟ್ಟಿಗೆಯ ಪಕ್ಕದಲ್ಲಿ ಅಚ್ಚಾಗಿರುವ ಒಂದು ಸಾಲನ್ನು ಓದದೆ ಇದನ್ನು ಯಾರ ಕೈಗೂ ಕೊಡಬಾರದು.

ಒಂದು ಪುಟ್ಟ ಫ್ಲಾಸ್ಕಿನ ಚಿತ್ರ, ಅದರ ಮೇಲೆ ಐಎಸ್‌ಒ 374-1, ಟೈಪ್ ಬಿ ಎಂಬ ಬರಹ, ಕೆಳಗೆ ಜೆ, ಕೆ, ಪಿ, ಟಿ ಎಂಬ ಅಕ್ಷರಗಳು: ಇಷ್ಟೇ ಆ ಸಾಲು. ಐಎಸ್‌ಒ 374-1 ಎಂಬುದು ರಾಸಾಯನಿಕಗಳಿಂದ ರಕ್ಷಿಸುವ ಕೈಗವಸುಗಳ ಅಂತರರಾಷ್ಟ್ರೀಯ ಮಾನದಂಡ; ಒಂದೊಂದು ಅಕ್ಷರ ಒಂದೊಂದು ರಾಸಾಯನಿಕದ ಸಂಕೇತ. ಹೆಪ್ಟೇನ್, 40% ಸೋಡಿಯಂ ಹೈಡ್ರಾಕ್ಸೈಡ್, 30% ಹೈಡ್ರೋಜನ್ ಪೆರಾಕ್ಸೈಡ್, 37% ಫಾರ್ಮಾಲ್ಡಿಹೈಡ್ ಇವುಗಳನ್ನು ಪರೀಕ್ಷೆಯಲ್ಲಿ ಕನಿಷ್ಠ 30 ನಿಮಿಷ ತಡೆದಿದೆ ಎಂದು ಇದರ ಅರ್ಥ. ನಾವು ಬಳಸುವ ದ್ರಾವಕಗಳಲ್ಲಿ ಅಸಿಟೋನ್‌ನ ಸಂಕೇತ ಬಿ, ಡೈಕ್ಲೋರೋಮೀಥೇನ್‌ನದು ಡಿ, ಎರಡೂ ಅಲ್ಲಿಲ್ಲ. ಟೈಪ್ ಬಿ ಎಂಬುದರಲ್ಲಿರುವ ಬಿ ಬೇರೆ, ಅಸಿಟೋನ್‌ನ ಬಿ ಬೇರೆ ಎಂಬುದನ್ನೂ ಹೇಳಿಕೊಡಬೇಕಾಗುತ್ತದೆ, ಏಕೆಂದರೆ ಅದನ್ನೇ ನೋಡಿ ಅಸಿಟೋನ್‌ಗೂ ನಡೆಯುತ್ತದೆ ಎಂದುಕೊಂಡವರು ನಮ್ಮಲ್ಲೇ ಇದ್ದರು.

ಅಸಿಟೋನ್‌ನಿಂದ ಗಾಜಿನ ಸಾಮಾನು ತೊಳೆಯುತ್ತಿದ್ದ ವಿದ್ಯಾರ್ಥಿಯೊಬ್ಬನ ಕೈಗವಸಿನ ಬೆರಳುಗಳು ನಾನು ನೋಡುತ್ತಿದ್ದಂತೆಯೇ ಉಬ್ಬಿ, ಸುಕ್ಕುಗಟ್ಟಿ, ಮೆತ್ತಗಾದವು. ಡೈಕ್ಲೋರೋಮೀಥೇನ್ ಇದಕ್ಕಿಂತ ಅಪಾಯಕಾರಿ. ಬೆರೆಯದ ದ್ರವಗಳನ್ನು ಬೇರ್ಪಡಿಸುವ ಸೆಪರೇಟರಿ ಫನಲ್ ಅಲುಗಾಡಿಸಿ ಒಳಗಿನ ಒತ್ತಡ ಬಿಡುವಾಗ ನನ್ನ ಹೆಬ್ಬೆರಳ ಮೇಲೆ ನಾಲ್ಕು ಹನಿ ಬಿದ್ದವು. ಕೈಗವಸು ಎಲ್ಲಿಯೂ ಹರಿದಿರಲಿಲ್ಲ, ಬಣ್ಣವೂ ಕೆಟ್ಟಿರಲಿಲ್ಲ, ಆದರೂ ಒಂದು ನಿಮಿಷದೊಳಗೆ ಚರ್ಮ ಮೊದಲು ತಣ್ಣಗಾಗಿ ಆಮೇಲೆ ಉರಿಯತೊಡಗಿತು. ತೂತಿಲ್ಲದ ಪದರದ ಮೂಲಕವೂ ದ್ರಾವಕದ ಅಣುಗಳು ನುಸುಳಿ ಬರುತ್ತವೆ ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದರೂ, ಆ ಉರಿ ತಿಳಿಸಿಕೊಟ್ಟಷ್ಟು ಸ್ಪಷ್ಟವಾಗಿ ನನಗೇ ಅದು ತಿಳಿದಿರಲಿಲ್ಲ.

ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನಶಾಸ್ತ್ರಜ್ಞೆ ಕ್ಯಾರೆನ್ ವೆಟರ್‌ಹಾನ್ 1996ರ ಆಗಸ್ಟ್‌ನಲ್ಲಿ ಫ್ಯೂಮ್ ಹುಡ್‌ನಲ್ಲಿಯೇ (ವಿಷಾನಿಲವನ್ನು ಹೊರಗೆಳೆಯುವ ಗಾಜಿನ ಗೂಡು), ಕೈಗವಸು ಧರಿಸಿಯೇ ಡೈಮಿಥೈಲ್ ಮರ್ಕ್ಯುರಿ ಎಂಬ ಪಾದರಸದ ಘೋರ ವಿಷದ್ರವದೊಡನೆ ಕೆಲಸ ಮಾಡುತ್ತಿದ್ದರು. ಲೇಟೆಕ್ಸ್ ಕೈಗವಸಿನ ಮೇಲೆ ಬಿದ್ದ ಕೆಲವೇ ಹನಿಗಳು ಒಳಗಿಳಿದವು. ವಿಷದ ಲಕ್ಷಣಗಳು ತಿಂಗಳುಗಳ ನಂತರ ಕಾಣಿಸಿಕೊಂಡವು. 1997ರ ಜೂನ್‌ನಲ್ಲಿ ಅವರು ತೀರಿಕೊಂಡರು. ಆ ದ್ರವ ಅಂಥ ಕೈಗವಸನ್ನು ದಾಟಲು 15 ಸೆಕೆಂಡೂ ಬೇಕಿಲ್ಲವೆಂದು ನಂತರದ ಪರೀಕ್ಷೆಗಳು ತೋರಿಸಿದವು. ಅವರು ಅಂದು ಪಾಲಿಸಿದ್ದು ಆ ಕಾಲಕ್ಕೆ ಸರಿಯೆನಿಸಿದ್ದ ಕ್ರಮವನ್ನೇ ಎಂಬುದು ನನ್ನನ್ನು ಇಂದಿಗೂ ಕಲಕುತ್ತದೆ.

ತಯಾರಕರ ಮೇಲೆ ನನಗಿರುವ ದೂರು ಎರಡು. ಜೀವಕ್ಕೆ ಸಂಬಂಧಿಸಿದ ಆ ಅಕ್ಷರಗಳನ್ನು ಭೂತಗನ್ನಡಿ ಬೇಕಾಗುವಷ್ಟು ಸಣ್ಣದಾಗಿ ಮುದ್ರಿಸಿದ್ದಾರೆ. ಮಣಿಕಟ್ಟಿನ ಪಟ್ಟಿ ಗಿಡ್ಡವಾಗಿದ್ದು, ಕೈ ಚಾಚಿದಾಗ ಏಪ್ರನ್ನಿನ ತೋಳಿಗೂ ಕೈಗವಸಿಗೂ ನಡುವೆ ಎರಡು ಬೆರಳಷ್ಟು ಚರ್ಮ ಬಯಲಾಗುತ್ತದೆ. ಅಳತೆಗಳೇನೋ ಸರಿಯಾಗಿವೆ.

ಮುಂದಿನ ಸೆಮಿಸ್ಟರಿಗೂ ಇದನ್ನೇ ತರಿಸುತ್ತೇವೆ, ಆದರೆ ದುರ್ಬಲ ಆಮ್ಲ, ಕ್ಷಾರ ಮತ್ತು ಜಲೀಯ ದ್ರಾವಣಗಳ ಪ್ರಯೋಗಗಳಿಗೆ ಮಾತ್ರ. ಅಸಿಟೋನ್ ತೊಳೆಯುವ ಸಿಂಕಿನ ಬಳಿ ಬ್ಯುಟೈಲ್ ರಬ್ಬರಿನ ಕೈಗವಸು ಇರುತ್ತದೆ. ಡೈಕ್ಲೋರೋಮೀಥೇನ್ ಬಳಸುವವರು ಪದರಪದರದ ಲ್ಯಾಮಿನೇಟ್ ಕೈಗವಸು ತೊಟ್ಟು, ಹಿಡಿತಕ್ಕಾಗಿ ಅದರ ಮೇಲೆ ಈ ನೀಲಿಯದನ್ನು ಹಾಕಿಕೊಳ್ಳುತ್ತಾರೆ. ಹನಿ ಬಿದ್ದ ಕೂಡಲೇ ಮೇಲಿನದನ್ನು ಕಳಚಿ ಎಸೆಯಬೇಕೆಂದು ಫ್ಯೂಮ್ ಹುಡ್‌ನ ಗಾಜಿನ ಮೇಲೆ, ಪೆಟ್ಟಿಗೆಯ ಅಕ್ಷರಗಳ ಹತ್ತು ಪಟ್ಟು ಗಾತ್ರದಲ್ಲಿ, ಬರೆದು ಅಂಟಿಸಿದ್ದೇವೆ.