ಸಪ್ತಾಪುರದ ಕಾದಂಬರಿ ಪಾಠ: ನಾಲ್ಕು ಭಾನುವಾರಗಳ ಅನುಭವ

ಧಾರವಾಡದ ಸಪ್ತಾಪುರದಲ್ಲಿ ಇಂಗ್ಲಿಷ್ ಎಂ.ಎ. ವಿದ್ಯಾರ್ಥಿಗಳಿಗಾಗಿ ನಡೆಯುವ ಖಾಸಗಿ ತರಗತಿಯೊಂದಕ್ಕೆ ನಾಲ್ಕು ಭಾನುವಾರ ಹೋಗಿ, ತ್ಸಿತ್ಸಿ ದಂಗರೆಂಬ್ಗಾ ಅವರ ‘ನರ್ವಸ್ ಕಂಡಿಷನ್ಸ್’ (1988) ಕಾದಂಬರಿಯನ್ನು ಅಭ್ಯಸಿಸಿದೆ. ಬಿಳಿಯರ ಆಳ್ವಿಕೆಯಲ್ಲಿದ್ದ ರೊಡೇಷಿಯಾದ, ಅಂದರೆ ಇಂದಿನ ಜಿಂಬಾಬ್ವೆಯ, ಒಂದು ಕುಟುಂಬದ ಕಥೆಯಿದು. ಶಾಲೆಯ ಶುಲ್ಕಕ್ಕಾಗಿ ಕಥೆ ಹೇಳುವ ಹುಡುಗಿ ತಾಂಬು ತಾನೇ ಗೋವಿನಜೋಳ ಬೆಳೆಯುತ್ತಾಳೆ; ಆ ತೆನೆಗಳನ್ನು ಕದ್ದು ಹಂಚುವವನು ಅವಳ ಸ್ವಂತ ಅಣ್ಣ. ಅವನು ತೀರಿಕೊಂಡ ಮೇಲಷ್ಟೇ ಅವಳಿಗೆ ದೊಡ್ಡಪ್ಪನ ಮಿಷನ್ ಶಾಲೆಯ ಬಾಗಿಲು ತೆರೆಯುತ್ತದೆ. ಅಣ್ಣನ ಸಾವಿಗೆ ತಾನು ದುಃಖಿಸಲಿಲ್ಲವೆನ್ನುವ ಮೊದಲ ವಾಕ್ಯವನ್ನೇ ಹಿಡಿದು ಗುರುಗಳು ಎರಡು ತಾಸು ಚರ್ಚಿಸಿದ ಪಾಠ, ನಾನು ಕೊಟ್ಟ ಹಣಕ್ಕೆ ಸಾರ್ಥಕವೆನಿಸಿತು. ಗೋವಿನಜೋಳದ ಹೊಲದಲ್ಲೇ ಬೆಳೆದ ಹಾವೇರಿ ಕಡೆಯ ಸಹಪಾಠಿಗಳಿಗಂತೂ ಆ ಭಾಗಕ್ಕೆ ವಿವರಣೆಯೇ ಬೇಕಾಗಲಿಲ್ಲ.

ಆದರೆ ಇಂಗ್ಲೆಂಡಿನ ಬಾಲ್ಯಕ್ಕೂ ತಂದೆಯ ಶಿಸ್ತಿಗೂ ನಡುವೆ ಸಿಲುಕಿ, ತಿಂದದ್ದನ್ನು ತಾನೇ ವಾಂತಿ ಮಾಡಿಕೊಂಡು ಸೊರಗುವ, ದೊಡ್ಡಪ್ಪನ ಮಗಳು ನ್ಯಾಶಾಳಿಗೆ ಕೊನೆಯ ದಿನ ಅರ್ಧ ತಾಸು ಮಾತ್ರ ಉಳಿದದ್ದು ದೊಡ್ಡ ಕೊರತೆ. ನನ್ನ ದೃಷ್ಟಿಯಲ್ಲಿ ಕಾದಂಬರಿಯ ಜೀವ ಅವಳೇ. ಹಂಚಿದ ಝೆರಾಕ್ಸ್ ಪ್ರತಿಗಳೂ ಮಸುಕಾಗಿದ್ದವು. ಸೇರುವವರು ಪುಸ್ತಕವನ್ನು ತಾವೇ ಕೊಂಡೊಯ್ಯುವುದು ಒಳಿತು.