ನಾಲ್ಕು ನದಿಗಳ ಸೀಮೆಯಲ್ಲಿ ಮೂರು ದಿನ: ಶಿರಸಿ, ಸಿದ್ದಾಪುರ, ಯಲ್ಲಾಪುರದ ಜಲಪಾತ ನಡಿಗೆಗಳು

ಅಕ್ಟೋಬರ್ ಎರಡನೆಯ ವಾರದಲ್ಲಿ ನಾವು ನಾಲ್ವರು ಉತ್ತರ ಕನ್ನಡದ ಘಟ್ಟದ ಮೇಲಿನ ಜಲಪಾತಗಳನ್ನು ನೋಡಲು ಹೊರಟೆವು: ನಾನು, ನನ್ನ ಪತ್ನಿ, 11 ವರ್ಷದ ಮಗಳು ಮತ್ತು ಮಂಡಿನೋವು ಇರುವ 67 ವರ್ಷದ ಅಮ್ಮ. ಶಿರಸಿ ತಾಲ್ಲೂಕಿನ ಅಡಿಕೆ ತೋಟವೊಂದರ ಅಂಚಿನಲ್ಲಿರುವ ಮನೆಯಲ್ಲಿ ಮೂರು ದಿನ ಉಳಿದುಕೊಂಡೆವು. ಆ ಮನೆಯವರು ವಾಸ್ತವ್ಯ ಮತ್ತು ಊಟದ ಜೊತೆಗೆ ದಿನವೂ ಒಬ್ಬರು ದಾರಿ ತೋರಿಸಲು ಬರುವ ಏರ್ಪಾಟನ್ನೂ ಮಾಡಿಕೊಡುತ್ತಾರೆ. ತಲೆಗೆ ದಿನಕ್ಕೆ 2,200 ರೂಪಾಯಿಯಾಯಿತು. ಕಾರು ನಮ್ಮದೇ ಆಗಿತ್ತು. ದೀರ್ಘ ಚಾರಣ ಮಾಡಲಾಗದ, ಆದರೆ ಕಾರಿನ ಕಿಟಕಿಯಿಂದ ನೋಡಿ ಬರುವುದಕ್ಕೂ ಮನಸ್ಸಿಲ್ಲದ ನಮ್ಮಂಥ ಕುಟುಂಬಗಳಿಗೆ ಈ ಸೀಮೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದನ್ನು ಹೇಳುವುದು ಈ ವಿಮರ್ಶೆಯ ಉದ್ದೇಶ.

ಕಾಳಿ, ಬೇಡ್ತಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ನದಿಗಳು ಘಟ್ಟದ ಮೇಲಿನಿಂದ ಹೊರಟು ಅಲ್ಪ ದೂರದಲ್ಲಿಯೇ ಅರಬ್ಬೀ ಸಮುದ್ರವನ್ನು ಸೇರಬೇಕಾಗಿರುವುದರಿಂದ, ನಡುವೆ ಎಲ್ಲಿಯಾದರೂ ಒಂದು ಕಡೆ ಅವು ಕೆಳಕ್ಕೆ ಧುಮುಕಲೇಬೇಕು. ಹಾಗೆ ಧುಮುಕುವ ಜಾಗಕ್ಕೆ ಇಲ್ಲಿಯವರು 'ಜೋಗ' ಎನ್ನುತ್ತಾರೆ. ಲೋಕವೆಲ್ಲ ಬಲ್ಲ ಶರಾವತಿಯ ಜೋಗಕ್ಕೆ ನಾವು ಈ ಸಲ ಹೋಗಲಿಲ್ಲ. 253 ಮೀಟರ್ ಎತ್ತರದ ಆ ಜಲಪಾತದ ಘನತೆಯ ಬಗ್ಗೆ ಎರಡು ಮಾತಿಲ್ಲ. ಆದರೆ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಮೇಲೆಯೇ ಇರುವುದರಿಂದ ಅಲ್ಲಿ ಎಷ್ಟು ನೀರು ಬೀಳುತ್ತದೆ ಎಂಬುದನ್ನು ಮಳೆಯೊಂದೇ ನಿರ್ಧರಿಸುವುದಿಲ್ಲ. ಮಳೆಗೂ ಕಾಡಿಗೂ ನೇರವಾಗಿ ಅಂಟಿಕೊಂಡಿರುವ ಜಲಪಾತಗಳನ್ನು ನೋಡಬೇಕೆಂಬ ಆಸೆ ನಮ್ಮದಾಗಿತ್ತು.

ಮೊದಲ ದಿನವೇ ಉಂಚಳ್ಳಿಗೆ ಹೋದೆವು. ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯಿಂದ ಸುಮಾರು ಐದು ಕಿಲೋಮೀಟರ್ ಒಳಗೆ ಅಘನಾಶಿನಿ ಇಲ್ಲಿ 116 ಮೀಟರ್ ಕೆಳಕ್ಕೆ ಬೀಳುತ್ತದೆ. ಬ್ರಿಟಿಷರ ಕಾಲದ ಕಲೆಕ್ಟರ್ ಲಷಿಂಗ್ಟನ್ 1845ರಲ್ಲಿ ಇದನ್ನು 'ಕಂಡುಹಿಡಿದ' ಎಂಬ ಕಾರಣಕ್ಕೆ ಅವನ ಹೆಸರೂ ಇದಕ್ಕೆ ಅಂಟಿಕೊಂಡಿದೆ. ಊರಿನವರು ಇಟ್ಟ ಹೆಸರು ಮಾತ್ರ ಕೆಪ್ಪ ಜೋಗ, ಅಂದರೆ ಕೇಳುವವರ ಕಿವಿಯನ್ನು ಕೆಪ್ಪಾಗಿಸುವ ಜೋಗ. ನೋಡಿದ ಮನುಷ್ಯನ ಹೆಸರಿಗಿಂತ ಕೇಳಿದ ಸದ್ದಿನ ಹೆಸರೇ ಈ ಜಾಗಕ್ಕೆ ಸರಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿ ಮೊದಲು ಎದುರಾಗುವುದು ಸದ್ದೇ. ಕಾರು ನಿಲ್ಲಿಸಿ ಕಾಡಿನ ದಾರಿಯಲ್ಲಿ ನೂರು ಹೆಜ್ಜೆ ಇಡುವಷ್ಟರಲ್ಲಿ ದೂರದ ಗಾಳಿಯಂತೆ ಕೇಳಿಸಲು ತೊಡಗಿದ ಆ ಸದ್ದು, ದಾರಿ ತಿರುಗಿದಲ್ಲೆಲ್ಲ ಒಮ್ಮೆ ಕುಗ್ಗಿ ಒಮ್ಮೆ ಹಿಗ್ಗಿ, ಮೆಟ್ಟಿಲು ಇಳಿಯುವ ಹೊತ್ತಿಗೆ ಎದೆಗೂಡಿಗೇ ತಾಗುತ್ತದೆ.

ದಾರಿ ಸುಲಭವಾಗಿದೆ. ಸ್ವಲ್ಪ ದೂರ ಹೆಚ್ಚುಕಡಿಮೆ ಸಮತಟ್ಟು, ಆಮೇಲೆ ಮೆಟ್ಟಿಲು. ನಡುನಡುವೆ ನಿಂತು ನೋಡಲು ಕಂಬಿ ಹಾಕಿದ ಕಟ್ಟೆಗಳಿವೆ. ಮೆಟ್ಟಿಲ ಮೇಲೆ ಪಾಚಿ ಕಟ್ಟಿದ್ದರಿಂದ ಅಮ್ಮ ಮೊದಲ ಕಟ್ಟೆಯಲ್ಲಿಯೇ ನಿಂತುಬಿಡುವ ಯೋಚನೆಯಲ್ಲಿದ್ದರು. ದಾರಿ ತೋರಿಸಲು ಬಂದಿದ್ದವರು ಸುಮಾರು ಐವತ್ತರ ಪ್ರಾಯದ ಮನೆಯ ಯಜಮಾನರೇ. ಅವರು ಒಂದು ಕೋಲು ಕಡಿದುಕೊಟ್ಟು, "ಕಲ್ಲು ನೋಡಿ ಕಾಲಿಡಿ ಅಮ್ಮಾ, ನೀರು ಎಲ್ಲಿಗೂ ಓಡಿ ಹೋಗುವುದಿಲ್ಲ" ಎಂದು ಪಕ್ಕದಲ್ಲಿಯೇ ಇಳಿದರು. ಅರ್ಧ ಗಂಟೆ ಹಿಡಿಯಿತು. ಕೆಳಗಿನ ಕಟ್ಟೆಯಲ್ಲಿ ನಿಂತಾಗ ಕಣಿವೆಯ ತುಂಬ ಬೆಳ್ಳಗೆ ಮುಸುಕು ಬಿಟ್ಟರೆ ಏನೂ ಕಾಣಿಸಲಿಲ್ಲ. ಹತ್ತು ನಿಮಿಷ ಕಾದೆವು. ಗಾಳಿ ಬೀಸಿದಂತೆ ಮುಸುಕು ಮೇಲಿನಿಂದ ಸರಿಯುತ್ತ ಬಂದು, ಬಂಡೆಯ ಮೆಟ್ಟಿಲುಗಳ ಮೇಲೆ ಒಡೆದು ಹರಡುತ್ತ ಬೀಳುವ ಇಡೀ ನದಿ ಒಮ್ಮೆಗೇ ಎದುರಿಗೆ ನಿಂತಿತು. ಮಗಳು ಏನೋ ಕೂಗಿ ಹೇಳಿದ್ದು ಪಕ್ಕದಲ್ಲಿದ್ದ ನನಗೆ ಕೇಳಿಸಲಿಲ್ಲ. ಎರಡು ಮೂರು ನಿಮಿಷ ಕಂಡು ಮತ್ತೆ ಮುಚ್ಚಿಕೊಂಡಿತು. ಹೀಗೆ ನಾಲ್ಕು ಸಲವಾಯಿತು. ಬಂದವರಲ್ಲಿ ಹಲವರು ಮುಸುಕು ಕಂಡ ಕೂಡಲೇ ಹಿಂದಿರುಗಿದರು. ಉಂಚಳ್ಳಿಗೆ ಹೋಗುವವರು ಕನಿಷ್ಠ ಒಂದೂವರೆ ಗಂಟೆಯನ್ನಾದರೂ ಕಾಯುವುದಕ್ಕೆಂದೇ ಎತ್ತಿಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಶಿರಸಿಯ ಸುತ್ತಮುತ್ತ ಹುಟ್ಟಿ ಕುಮಟಾದ ಬಳಿ ಕಡಲು ಸೇರುವ ತನಕ ಅದು ತನ್ನ ಇಚ್ಛೆಯಂತೆ ಹರಿಯುತ್ತದೆ. ಯಜಮಾನರು ಹೇಳಿದ ಒಂದು ಮಾತು ಮೂರು ದಿನವೂ ನನ್ನ ಜೊತೆಗೇ ಬಂದಿತು: ಮಳೆಗಾಲದಲ್ಲಿ ಎಲ್ಲ ಗುಡ್ಡದಿಂದಲೂ ನೀರು ಬೀಳುತ್ತದೆ, ಜನವರಿಯಲ್ಲಿ ಬೀಳುವ ನೀರೇ ಕಾಡಿನ ನೀರು. ಕಾನಿನ, ಅಂದರೆ ನಿತ್ಯಹಸಿರು ಕಾಡಿನ, ನೆಲದಲ್ಲಿ ದಪ್ಪನಾಗಿ ಬಿದ್ದ ತರಗೆಲೆ ಮತ್ತು ಬೇರಿನ ಹೆಣಿಗೆ ಮಳೆಯನ್ನು ಹೀರಿಟ್ಟುಕೊಂಡು ತಿಂಗಳುಗಟ್ಟಲೆ ಒಸರುತ್ತ ಬಿಡುವುದರಿಂದಲೇ, ಮಳೆ ನಿಂತ ಮೇಲೂ ಹೊಳೆ ಹರಿಯುತ್ತಿರುತ್ತದೆ. ಆದ್ದರಿಂದ ಜಲಪಾತದ ಅರ್ಧ ಭಾಗ ನಾವು ನಡೆದು ಬಂದ ದಾರಿಯಲ್ಲಿಯೇ ಇರುತ್ತದೆ ಎಂದು ನನಗೆ ಅನ್ನಿಸತೊಡಗಿತು. ಹಿಂದಿರುಗುವಾಗ ಅವರು ಉಪ್ಪಾಗೆ, ಮುರುಗಲು, ರಾಮಪತ್ರೆ, ಬೈನೆ ಮರಗಳನ್ನು ಒಂದೊಂದಾಗಿ ತೋರಿಸಿದರು. ಉಪ್ಪಾಗೆ ಹಣ್ಣಿನ ಸಿಪ್ಪೆಯನ್ನು ಜನ ಒಣಗಿಸಿ ಮಾರುತ್ತಾರೆ. ಅದೇ ಹಣ್ಣು ಸಿಂಗಳೀಕಗಳಿಗೂ ಆಹಾರ. ಈ ಕಣಿವೆಯ ಕಾಡಿನ ಒಂದು ಭಾಗವನ್ನು 2011ರಲ್ಲಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ನಮಗೆ ಸಿಂಗಳೀಕ ಕಾಣಿಸಲಿಲ್ಲ, ಆದರೆ ಮಂಗಟ್ಟೆಯೊಂದು ರೆಕ್ಕೆಯ ಸದ್ದು ಮಾಡುತ್ತ ನೆತ್ತಿಯ ಮೇಲೆಯೇ ಹಾದು ಹೋಯಿತು.

ಅದೇ ದಿನ ಮಧ್ಯಾಹ್ನ ಕ್ಯಾದಗಿ ಕಡೆಯ ಬುರುಡೆ ಜಲಪಾತಕ್ಕೂ ಹೋಗುವುದೆಂದು ಮೊದಲೇ ಮಾತಾಗಿತ್ತು. ಆದರೆ ಅಲ್ಲಿಯ ದಾರಿ ಇನ್ನೂ ಕೆಸರಾಗಿದ್ದು, ನೀರಿನವರೆಗೆ ಇಳಿಯುವ ಜಾಗ ಕಡಿದಾಗಿರುವುದರಿಂದ ಅಮ್ಮನನ್ನೂ ಮಗುವನ್ನೂ ಕರೆದೊಯ್ಯುವುದು ಬೇಡವೆಂದು ಯಜಮಾನರೇ ತಡೆದರು. ಹಣ ಪಡೆದ ಮೇಲೆ ಒಂದು ಜಾಗವನ್ನು ಬಿಡಿಸುವುದು ಸುಲಭದ ಕೆಲಸವಲ್ಲ. ಅವರ ಸೇವೆಯ ಬಗ್ಗೆ ನನಗೆ ಗೌರವ ಮೂಡಿದ್ದು ಆ ಹೊತ್ತಿನಲ್ಲಿ. ಡಿಸೆಂಬರ್ ವೇಳೆಗೆ ನೆಲ ಒಣಗಿದಾಗ ಬುರುಡೆಗೆ ಬರುವುದು ಉತ್ತಮವೆಂದು ಅವರು ಹೇಳಿದರು.

ಎರಡನೆಯ ದಿನ ಯಲ್ಲಾಪುರದ ಕಡೆ ಹೊರಟೆವು. ಶಿರಸಿಯಿಂದ ಯಲ್ಲಾಪುರಕ್ಕೆ ಸುಮಾರು 50 ಕಿಲೋಮೀಟರ್, ಅಲ್ಲಿಂದ ಸಾತೊಡ್ಡಿಗೆ ಸುಮಾರು 32 ಕಿಲೋಮೀಟರ್. ಸಾತೊಡ್ಡಿಯ ಕಡೆಯ ಭಾಗದ ರಸ್ತೆ ಕೆಟ್ಟದ್ದು. ತಗ್ಗಿನ ಕಾರುಗಳ ತಳ ಕಲ್ಲಿಗೆ ತಾಗುತ್ತದೆ. ಅಲ್ಲಿಂದ ಮುಂದಿನ ನಡಿಗೆ ಮಾತ್ರ ಈ ಮೂರು ದಿನಗಳಲ್ಲಿಯೇ ಅತ್ಯಂತ ಸುಂದರವಾದದ್ದು. ಸುಮಾರು ಒಂದು ಕಿಲೋಮೀಟರ್ ಹೊಳೆಯ ಪಕ್ಕದಲ್ಲಿಯೇ ನೆರಳಿನಲ್ಲಿ ಸಾಗುವ ದಾರಿ, ಏರಿಳಿತ ಕಡಿಮೆ, ಬಂಡೆಗಳ ನಡುವೆ ನೀರು ಮಾತನಾಡುತ್ತಲೇ ಬರುತ್ತದೆ. ಎಲ್ಲೋ ಮರದ ಮರೆಯಲ್ಲಿ, ಮನುಷ್ಯ ಸಿಳ್ಳೆ ಹಾಕಿದಂತೆಯೇ ಹಾಡುವ ಹಕ್ಕಿಯೊಂದು ಬಹಳ ಹೊತ್ತು ಹಾಡುತ್ತಿತ್ತು. ಮಗಳು ಯಾರೋ ಹುಡುಗ ಕರೆಯುತ್ತಿದ್ದಾನೆಂದು ಎರಡು ಸಲ ತಿರುಗಿ ನೋಡಿದಳು.

ಸಾತೊಡ್ಡಿ ಎತ್ತರದ ಜಲಪಾತವಲ್ಲ, ಸುಮಾರು 15 ಮೀಟರ್ ಅಷ್ಟೇ. ಕಲ್ಲರಮನೆ ಘಟ್ಟದ ಸಣ್ಣಪುಟ್ಟ ಹಳ್ಳಗಳು ಕೂಡಿ, ಅಗಲವಾದ ಬಂಡೆಯ ಮೇಲಿನಿಂದ ಪರದೆ ಇಳಿಬಿಟ್ಟಂತೆ ಬೀಳುತ್ತವೆ. ಉಂಚಳ್ಳಿಯನ್ನು ದೂರದಿಂದ ತಲೆಬಾಗಿ ನೋಡಬೇಕು. ಸಾತೊಡ್ಡಿಯ ಎದುರಿನ ಬಂಡೆಯ ಮೇಲೆ ಕುಳಿತು ಬುತ್ತಿ ಬಿಚ್ಚಬಹುದು. ಅಮ್ಮ ಕಾಲನ್ನು ನೀರಿಗೆ ಇಳಿಬಿಟ್ಟು ಒಂದು ಗಂಟೆ ಕುಳಿತರು. ಇಲ್ಲಿ ಬಿದ್ದ ನೀರು ಮುಂದೆ ಕಾಳಿಯ ಕೊಡಸಳ್ಳಿ ಜಲಾಶಯದ ಹಿನ್ನೀರನ್ನು ಸೇರುತ್ತದೆ. ಬರುವಾಗ ದಾರಿಯಲ್ಲಿ ಮರಗಳ ಸಂದಿಯಿಂದ ಕಂಡ ಆ ನಿಶ್ಚಲವಾದ ಹಸಿರು ನೀರನ್ನೂ, ಅದಕ್ಕೆ ಓಡುತ್ತಿದ್ದ ಈ ಹಳ್ಳವನ್ನೂ ಒಂದೇ ದಿನ ನೋಡಿದಾಗ, ಒಂದೇ ನೀರಿನ ಎರಡು ಬಗೆಯ ಬದುಕನ್ನು ಕಂಡಂತಾಯಿತು. ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಒಂದೇ ಒಂದು ಜಲಪಾತಕ್ಕೆ ಹೋಗಬೇಕಾದರೆ ನಾನು ಹಿಂಜರಿಯದೆ ಸಾತೊಡ್ಡಿಯನ್ನೇ ಸೂಚಿಸುತ್ತೇನೆ.

ಆದರೆ ಇದೇ ಸಾತೊಡ್ಡಿಯಲ್ಲಿ ಮನಸ್ಸು ಕೆಟ್ಟಿದ್ದೂ ಉಂಟು. ನೀರಿನ ಮಡುವಿನ ಪಕ್ಕದ ಬಂಡೆಗಳ ಸಂದಿಯಲ್ಲಿ ಒಡೆದ ಬಾಟಲಿಯ ಚೂರುಗಳಿದ್ದವು. ಮಗಳು ಚಪ್ಪಲಿ ಕಳಚಿ ನೀರಿಗಿಳಿಯುವ ಮೊದಲು ನಾನು ಮತ್ತು ಯಜಮಾನರು ಕಾಲು ಗಂಟೆ ಚೂರುಗಳನ್ನು ಆರಿಸಿ ಚೀಲಕ್ಕೆ ಹಾಕಿಕೊಂಡೆವು. ಮಡುವಿನಲ್ಲಿ ಈಜುವ ಉತ್ಸಾಹವನ್ನು ದಯವಿಟ್ಟು ಯಾರೂ ತೋರಿಸಬಾರದು. ಮೇಲೆ ಶಾಂತವಾಗಿ ಕಾಣುವ ನೀರಿನ ಕೆಳಗೆ ಬಂಡೆಗಳ ನಡುವೆ ಸೆಳೆತವಿರುತ್ತದೆ, ಆಳ ಹೆಜ್ಜೆಹೆಜ್ಜೆಗೂ ಬದಲಾಗುತ್ತದೆ, ಮತ್ತು ಘಟ್ಟದ ಮೇಲೆ ನಮಗೆ ಕಾಣದ ಕಡೆ ಸುರಿದ ಮಳೆ ಸ್ವಲ್ಪ ಹೊತ್ತಿನಲ್ಲಿಯೇ ಹಳ್ಳವನ್ನು ಏರಿಸಿಬಿಡಬಲ್ಲದು. ನೀರಿನ ಬಣ್ಣ ಕೆಂಪಾಗತೊಡಗಿದರೆ ಅಥವಾ ತರಗೆಲೆ ಕಡ್ಡಿಗಳು ಹೆಚ್ಚಾಗಿ ತೇಲಿಬಂದರೆ ಒಂದು ಕ್ಷಣವೂ ತಡಮಾಡದೆ ದಡ ಸೇರಬೇಕೆಂದು ಯಜಮಾನರು ಮಗಳಿಗೆ ಕಲಿಸಿಕೊಟ್ಟರು.

ಸಂಜೆ ಮಾಗೋಡು. ಯಲ್ಲಾಪುರದಿಂದ 17 ಕಿಲೋಮೀಟರ್ ಆಸುಪಾಸಿನಲ್ಲಿರುವ ಇಲ್ಲಿ ಬೇಡ್ತಿ ನದಿ ಎರಡು ಹಂತಗಳಲ್ಲಿ ಸುಮಾರು 200 ಮೀಟರ್ ಇಳಿಯುತ್ತದೆ. ನಡಿಗೆ ಇಲ್ಲವೆಂದೇ ಹೇಳಬೇಕು; ವಾಹನ ನಿಲ್ಲಿಸಿ ಸ್ವಲ್ಪ ನಡೆದರೆ ಕಂಬಿಯ ಬಳಿ ತಲುಪುತ್ತೇವೆ. ನೋಟ ಭವ್ಯವಾಗಿದೆ, ಆದರೆ ದೂರದ್ದು. ನಡೆಯಲು ಆಗದವರಿಗೆ ಇದು ವರವೇ ಸರಿ. ಸಮೀಪದ ಜೇನುಕಲ್ಲು ಗುಡ್ಡದಿಂದ, ಕಣಿವೆಯ ತಳದಲ್ಲಿ ಬಳುಕುತ್ತ ಹೋಗುವ ಬೇಡ್ತಿಯನ್ನು ಸೂರ್ಯಾಸ್ತದ ಹೊತ್ತಿನಲ್ಲಿ ನೋಡಿದ್ದು ನನಗೆ ಜಲಪಾತಕ್ಕಿಂತಲೂ ಹೆಚ್ಚು ಹಿಡಿಸಿತು. ಘಟ್ಟ ಇಳಿದ ಮೇಲೆ ಇದೇ ನದಿಗೆ ಗಂಗಾವಳಿ ಎಂದು ಹೆಸರು.

ಮೂರನೆಯ ದಿನ ಯಾಣದ ಕಡೆಯ ವಿಭೂತಿ ಜಲಪಾತ. ಈ ದಿನ ಯಜಮಾನರಿಗೆ ಬೇರೆ ಕೆಲಸವಿದ್ದುದರಿಂದ ಊರಿನ ಬೇರೊಬ್ಬ ಯುವಕನನ್ನು ಕಳುಹಿಸಿದ್ದರು. ನನ್ನ ದೂರು ಇರುವುದು ಇಲ್ಲಿಯೇ. ಹುಡುಗ ಒಳ್ಳೆಯವನು, ದಾರಿ ಬಲ್ಲವನು, ಆದರೆ ಬೆಳಗಿನಿಂದಲೂ ಗಡಿಯಾರ ನೋಡುತ್ತಲೇ ಇದ್ದ. ಯಾಣದ ಭೈರವೇಶ್ವರ ಶಿಖರ ಮತ್ತು ಮೋಹಿನಿ ಶಿಖರ ಎಂಬ ಕಪ್ಪು ಸುಣ್ಣಕಲ್ಲಿನ ಬಂಡೆಗಳ ನಡುವೆ ನಿಂತು ಮೇಲೆ ನೋಡುತ್ತಿದ್ದ ಮಗಳನ್ನು ಎರಡು ಸಲ ಅವಸರಪಡಿಸಿದ. ವಿಭೂತಿಯಲ್ಲಿ ನಮಗೆ ಸಿಕ್ಕಿದ್ದು ಇಪ್ಪತ್ತೈದು ನಿಮಿಷ. ಸುಮಾರು 30 ಅಡಿ ಎತ್ತರದ ಸಣ್ಣ ಜಲಪಾತ ಅದು. ಸುತ್ತಲಿನ ಸುಣ್ಣಕಲ್ಲಿನಿಂದಾಗಿ ಆ ಹೆಸರು ಬಂತೆನ್ನುತ್ತಾರೆ. ಸಂಕಗಳನ್ನು, ಅಂದರೆ ಸಣ್ಣ ಕಾಲುಸೇತುವೆಗಳನ್ನು, ದಾಟಿ ಕಾಡಿನೊಳಗೆ ಹೋಗುವ ದಾರಿ ಅಚ್ಚುಕಟ್ಟಾಗಿದೆ. ಇಷ್ಟು ಚಿಕ್ಕ ಜಾಗ ಅವಸರದಲ್ಲಿ ಏನನ್ನೂ ಕೊಡುವುದಿಲ್ಲ. ಸುಮ್ಮನೆ ಕುಳಿತವರಿಗೆ ಮಾತ್ರ ಅದು ತೆರೆದುಕೊಳ್ಳುತ್ತದೆ. ಸಂಜೆ ಇದನ್ನು ಯಜಮಾನರಿಗೆ ತಿಳಿಸಿದಾಗ ಅವರು ನೊಂದುಕೊಂಡು, ಆ ದಿನದ ಮಾರ್ಗದರ್ಶನದ ಹಣವನ್ನು ಲೆಕ್ಕದಿಂದ ತೆಗೆದರು. ಹಣಕ್ಕಿಂತ ಆ ದಿನ ನನಗೆ ಮುಖ್ಯವಾಗಿತ್ತು ಎಂಬುದು ನಿಜ, ಆದರೂ ಅವರ ಪ್ರಾಮಾಣಿಕತೆಯನ್ನು ಇಲ್ಲಿ ದಾಖಲಿಸಬೇಕು.

ಊಟದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಬೆಳಿಗ್ಗೆ ದೋಸೆ ಮತ್ತು ಜೋನಿಬೆಲ್ಲ, ಮಧ್ಯಾಹ್ನಕ್ಕೆ ಬುತ್ತಿ, ರಾತ್ರಿ ಒಂದೆಲಗದ ತಂಬುಳಿ, ಅಪ್ಪೆಹುಳಿ, ಅನ್ನ. ನಡೆದು ದಣಿದು ಬಂದವರಿಗೆ ಇದಕ್ಕಿಂತ ಹಿತವಾದ ಊಟ ಬೇಕಿಲ್ಲ. ಕೋಣೆಗಳು ಸರಳವಾಗಿದ್ದು ಶುಚಿಯಾಗಿದ್ದವು. ಮೊಬೈಲ್ ಸಂಪರ್ಕ ಮನೆಯ ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಸಿಗುತ್ತಿತ್ತು, ಜಲಪಾತಗಳ ಬಳಿ ಅದೂ ಇರಲಿಲ್ಲ. ಆದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳುವುದು ಒಳ್ಳೆಯದು.

ಉಂಬಳಗಳ, ಅಂದರೆ ಕಾಡಿನ ಜಿಗಣೆಗಳ, ಬಗ್ಗೆ ಒಂದು ಮಾತು. ಅಕ್ಟೋಬರ್‌ನಲ್ಲಿಯೂ ತಂಪಿನ ದಾರಿಯಲ್ಲಿ ಅವು ಇದ್ದವು. ಮನೆಯವರು ಪ್ರತಿಯೊಬ್ಬರಿಗೂ ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟೊಂದನ್ನು ಕೊಟ್ಟಿದ್ದರು. ಹತ್ತಿದ ಉಂಬಳಕ್ಕೆ ಅದನ್ನು ಮುಟ್ಟಿಸಿದರೆ ತಾನಾಗಿಯೇ ಬಿದ್ದುಹೋಗುತ್ತದೆ. ಮೊದಲ ದಿನ ಹೆದರಿ ಅತ್ತ ಮಗಳು ಮೂರನೆಯ ದಿನ ಅಜ್ಜಿಯ ಕಾಲನ್ನೂ ತಾನೇ ಪರೀಕ್ಷಿಸುತ್ತಿದ್ದಳು. ಹಿಡಿತ ಸವೆದ ಬೂಟುಗಳನ್ನು ಮಾತ್ರ ತರಬೇಡಿ. ಒದ್ದೆ ಜಂಬಿಟ್ಟಿಗೆಯ ಮೇಲೆ ನನ್ನ ಪತ್ನಿ ಒಮ್ಮೆ ಜಾರಿ ಬಿದ್ದು ಅಂಗೈ ತರಚಿಕೊಂಡಿದ್ದು ಅಂಥ ಬೂಟಿನಿಂದಲೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ನೀರಿನ ಅಬ್ಬರ ಹೆಚ್ಚು. ಆದರೆ ದಾರಿಗಳು ಅಪಾಯಕರ, ಮುಸುಕಿನಲ್ಲಿ ಜಲಪಾತವೇ ಕಾಣದಿರುವ ಸಂಭವವೂ ಹೆಚ್ಚು. ನಮ್ಮಂತೆ ಹಿರಿಯರೊಡನೆ ಬರುವವರಿಗೆ ಅಕ್ಟೋಬರ್ ಮತ್ತು ನವೆಂಬರ್ ಸರಿಯಾದ ಕಾಲ. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಜಾಗಗಳಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಯಾರ ಮನೆಯಲ್ಲಿ ಉಳಿದರೂ, ಜೊತೆಗೆ ಬರುವವರು ಯಾರು, ಅವರು ಎಷ್ಟು ಹೊತ್ತು ನಿಲ್ಲಲು ಸಿದ್ಧರಿದ್ದಾರೆ ಎಂಬುದನ್ನು ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಿ. ಜನವರಿಯಲ್ಲಿ ಉಂಚಳ್ಳಿಯ ನೀರು ಹೇಗಿರುತ್ತದೆಂದು ನೋಡಬೇಕೆಂದು ಅಮ್ಮ ಹಟ ಹಿಡಿದಿದ್ದಾರೆ. ಅದೇ ಮನೆಯಲ್ಲಿ ಎರಡು ಕೋಣೆಗಳನ್ನು ಕಾದಿರಿಸಿದ್ದೇನೆ, ಯಜಮಾನರೇ ಜೊತೆಗೆ ಬರುವುದಾಗಿ ಒಪ್ಪಿದ್ದಾರೆ.